ಹಳೆಯ ಸೇನಾ ಟ್ರಕ್ಕಿಗೆ ಮನೆಯಲ್ಲೇ ಬಣ್ಣ: ಪೇಂಟರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ: ಸರ್, ಹರಾಜಿನಲ್ಲಿ ಹಳೆಯ ಸೇನಾ ಟ್ರಕ್ಕೊಂದನ್ನು ಕೊಂಡಿದ್ದೇನೆ. ಬಣ್ಣ ಅಲ್ಲಲ್ಲಿ ಎದ್ದು ಬಂದಿದೆ, ಬಾಗಿಲುಗಳ ಅಡಿಯಲ್ಲಿ ತುಕ್ಕು. ಗ್ರೈಂಡರ್ ಹಿಡಿದು ಪೂರ್ತಿ ಕೆರೆದು, ಶೆಡ್ಡಿನಲ್ಲೇ ಸ್ಪ್ರೇ ಮಾಡೋಣ ಎಂದುಕೊಂಡಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಗ್ರೈಂಡರ್ ಬದಿಗಿಡಿ. ಹಳೆಯ ಸೇನಾ ವಾಹನಗಳ ಬಣ್ಣದಲ್ಲಿ ಸೀಸ, ಪ್ರೈಮರಿನಲ್ಲಿ (ಬಣ್ಣದ ಕೆಳಗಿನ ಮೊದಲ ಪದರ) ಕ್ರೋಮೇಟ್ ಎಂಬ ವಿಷಕಾರಿ ರಾಸಾಯನಿಕ ಇರಬಹುದು. ಒಣದಾಗಿ ಕೆರೆದರೆ ಆ ಧೂಳು ನಿಮ್ಮ ಶ್ವಾಸಕೋಶಕ್ಕೂ ಹೋಗುತ್ತದೆ, ಬಟ್ಟೆಗಂಟಿ ಮನೆಯೊಳಕ್ಕೂ ಬರುತ್ತದೆ. ನೀರು ಹಾಕಿ ವಾಟರ್ ಪೇಪರಿನಲ್ಲಿ ಉಜ್ಜಿ. ಬಟ್ಟೆಯ ಮಾಸ್ಕ್ ಸಾಲದು, ಸೂಕ್ಷ್ಮ ಧೂಳು ತಡೆಯುವ ಪಿ3 ಅಥವಾ ಪಿ100 ಫಿಲ್ಟರ್ ಬೇಕು. ಉಜ್ಜಿದ ಕೆಸರನ್ನು ಒರೆಸಿ ಚೀಲಕ್ಕೆ ತುಂಬಿ, ಚರಂಡಿಗೆ ಬಿಡಬೇಡಿ.

ಪೂರ್ತಿ ಕೆರೆಯುವ ಅಗತ್ಯವೂ ಇಲ್ಲ. ಗಟ್ಟಿಯಾಗಿ ಕೂತಿರುವ ಹಳೆಯ ಬಣ್ಣ ಒಳ್ಳೆಯ ತಳ. ಎದ್ದು ಬಂದದ್ದನ್ನಷ್ಟೇ ತೆಗೆದು, ಅಂಚು ಬೆರಳಿಗೆ ತಗುಲದಷ್ಟು ನಯ ಮಾಡಿ. ತುಕ್ಕನ್ನು ಹೊಳೆಯುವ ಲೋಹ ಕಾಣುವವರೆಗೆ ತೆಗೆದು, ತೇವ ಪೂರ್ತಿ ಆರಿದ ಮೇಲೆ ಅದೇ ದಿನ ಪ್ರೈಮರ್ ಕೊಡಿ. ಒಂದು ರಾತ್ರಿ ಬಿಟ್ಟರೂ ಹೊಸ ತುಕ್ಕು ಕೂರಬಹುದು.

ಹಳೆಯ ಬಣ್ಣ ಯಾವ ಬಗೆಯದೆಂದು ತಿಳಿಯಲು, ಕಾಣದ ಮೂಲೆಯಲ್ಲಿ ತಿನ್ನರ್ ಅದ್ದಿದ ಬಟ್ಟೆಯಿಂದ ಒಂದು ನಿಮಿಷ ಉಜ್ಜಿ ನೋಡಿ. ಹಸಿರು ಬಣ್ಣ ಬಟ್ಟೆಗೆ ಇಳಿದರೆ ಅಥವಾ ಮೆತ್ತಗಾದರೆ ಅದು ಬಹುಶಃ ಸಾಮಾನ್ಯ ಎನಾಮಲ್. ಅದರ ಮೇಲೆ ಹಾರ್ಡನರ್ (ಬಣ್ಣವನ್ನು ಗಟ್ಟಿಯಾಗಿಸುವ ದ್ರವ) ಬೆರೆಸುವ ಬಣ್ಣ ಹೊಡೆದರೆ ತಳದ ಬಣ್ಣ ಸುಕ್ಕುಗಟ್ಟಿ ಏಳಬಹುದು.

ಗುಂಪಿನ ಇನ್ನೊಬ್ಬ ಸದಸ್ಯರು: ಹಾರ್ಡನರ್ ಬಣ್ಣವೇ ಹೆಚ್ಚು ಬಾಳಿಕೆ ಬರುತ್ತದಲ್ಲವೇ?

ಉತ್ತರ: ಬಾಳಿಕೆ ನಿಜ. ಆದರೆ ಪಾಲಿಯುರೆಥೇನ್ ಬಣ್ಣದ ಹಾರ್ಡನರಿನಲ್ಲಿ ಐಸೋಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಅದರ ಮಂಜು ಆಸ್ತಮಾ ತರಬಲ್ಲದು, ಒಮ್ಮೆ ಹತ್ತಿದ ಮೇಲೆ ಅತಿ ಸ್ವಲ್ಪವೂ ಉಸಿರು ಕಟ್ಟಿಸುತ್ತದೆ. ಹೊರಗಿನಿಂದ ಶುದ್ಧ ಗಾಳಿ ಒದಗಿಸುವ ಮುಖವಾಡವಿಲ್ಲದೆ ಅದನ್ನು ಸ್ಪ್ರೇ ಮಾಡಬೇಡಿ. ಮನೆಯಲ್ಲಿ ಮಾಡುವವರಿಗೆ ನಾನು ಹೇಳುವುದು ಮ್ಯಾಟ್ (ಹೊಳಪಿಲ್ಲದ) ಎನಾಮಲ್ ಮತ್ತು ಸಣ್ಣ ಫೋಮ್ ರೋಲರ್. ಸೇನೆಯಲ್ಲೂ ಎಷ್ಟೋ ವಾಹನಗಳಿಗೆ ಬ್ರಷ್ಷಿನಲ್ಲೇ ಬಣ್ಣ ಬಳಿದಿದ್ದಾರೆ.

ಮತ್ತೊಬ್ಬ ಸದಸ್ಯರು: ನನ್ನ ಜೀಪಿಗೆ ಮ್ಯಾಟ್ ಬಳಿದಾಗ ಅಲ್ಲಲ್ಲಿ ಹೊಳಪಿನ ಮಚ್ಚೆ ಉಳಿದವು. ಏಕೆ?

ಉತ್ತರ: ಹೊಳಪು ತಗ್ಗಿಸುವ ಪುಡಿ ಡಬ್ಬದ ತಳದಲ್ಲಿ ಕೂತಿರುತ್ತದೆ. ಕೋಲಿನ ತುದಿಗೆ ಗಂಟು ತಗುಲದಷ್ಟು ಹೊತ್ತು ಕಲಕಬೇಕು, ನಡುನಡುವೆ ಮತ್ತೆ ಕಲಕಬೇಕು. ಹಲವು ಡಬ್ಬಗಳಿದ್ದರೆ ಎಲ್ಲವನ್ನೂ ದೊಡ್ಡ ಪಾತ್ರೆಯೊಂದಕ್ಕೆ ಸುರಿದು ಒಂದಾಗಿಸಿ. ಮಚ್ಚೆಯನ್ನು ಮಾತ್ರ ತಿದ್ದಲು ಹೋಗಬೇಡಿ, ತೇಪೆ ಎದ್ದು ಕಾಣುತ್ತದೆ. ಆ ಬಾಗಿಲಿಗೋ ಬಾನೆಟ್ಟಿಗೋ ಅಂಚಿನಿಂದ ಅಂಚಿಗೆ ಮತ್ತೊಂದು ತೆಳು ಕೋಟ್ ಕೊಡಿ.

ರೇಡಿಯೇಟರ್, ಬ್ರೇಕಿನ ರಬ್ಬರ್ ಪೈಪು, ಗ್ರೀಸ್ ನಿಪ್ಪಲ್ (ಗ್ರೀಸ್ ತುಂಬುವ ಸಣ್ಣ ಮೂತಿ), ಮಾಹಿತಿ ಫಲಕಗಳಿಗೆ ಬಣ್ಣ ಬೇಡ. ಕೆಲವು ದೇಶಗಳಲ್ಲಿ ಸೇನೆಯ ಹಸಿರನ್ನು ಖಾಸಗಿ ವಾಹನಕ್ಕೆ ಬಳಿಯುವಂತಿಲ್ಲ. ಡಬ್ಬ ಕೊಳ್ಳುವ ಮೊದಲು ನೋಂದಣಿ ಕಚೇರಿಯಲ್ಲಿ ಕೇಳಿ.

ಮೊದಲು ಕೇಳಿದವರು: ಸರ್, ನೀರು ಹಾಕಿ ಬಾಗಿಲು ಉಜ್ಜುತ್ತಿದ್ದೆ. ಹಸಿರಿನ ಕೆಳಗೆ ಮರಳಿನ ಬಣ್ಣ, ಅದರ ಕೆಳಗೆ ಬಿಳಿ ಅಂಕಿಯೊಂದರ ಬಾಲ ಕಾಣುತ್ತಿದೆ.

ಉತ್ತರ: ಅಲ್ಲಿಗೇ ಕೈ ನಿಲ್ಲಿಸಿ! ಅದು ನಿಮ್ಮ ಟ್ರಕ್ಕಿನ ಹಳೆಯ ಗುರುತಿರಬಹುದು, ಒಮ್ಮೆ ಉಜ್ಜಿಹೋದರೆ ಮತ್ತೆ ಸಿಗದು. ಇನ್ನು ಮುಂದೆ 600ರ ನಯವಾದ ವಾಟರ್ ಪೇಪರಿನಲ್ಲಿ ಹಗುರವಾಗಿ ಒಂದೊಂದೇ ಪದರ ಬಿಡಿಸಿ. ಪೂರ್ತಿ ಕಂಡ ಮೇಲೆ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ತೆಗೆಯಿರಿ, ಟ್ರೇಸಿಂಗ್ ಕಾಗದದಲ್ಲಿ ಅಚ್ಚು ಎತ್ತಿಕೊಳ್ಳಿ. ಫೋಟೋ ಇಲ್ಲಿಗೂ ಹಾಕಿ, ನನಗೂ ನೋಡಬೇಕಿದೆ.