ಕ್ಯಾಂಪರ್ ವ್ಯಾನಲ್ಲಿ ಹಿಮಾಚಲದ ಸ್ಪಿತಿ ಕಣಿವೆಗೆ ಹೊರಟಿದೀವಿ, ಅಡುಗೆ ಗ್ಯಾಸ್ ಹೇಗೆ ಒಯ್ಯೋದು?

ಶಿವಮೊಗ್ಗ_ಸವಾರಿ:
ಎಲ್ರಿಗೂ ನಮಸ್ಕಾರ. ಹಳೇ ಟೆಂಪೋ ಟ್ರಾವೆಲರ್ ತಗೊಂಡು ಹಿಂದಿನ ಸೀಟೆಲ್ಲಾ ತೆಗೆಸಿ ಮಂಚ, ಸಣ್ಣದೊಂದು ಅಡುಗೆ ಕಟ್ಟೆ ಮಾಡಿಸಿದೀನಿ, ಅಕ್ಟೋಬರಲ್ಲಿ ಹೊರಟು ಸ್ಪಿತಿ ನೋಡ್ಕೊಂಡು ಬರೋದು ಅಂತ, ಸುಮಾರು 25 ದಿನ, ನಾವಿಬ್ರು, ಅಮ್ಮ, ಮಗಳು. ಅಮ್ಮಂಗೆ ಹೊರಗಡೆ ಊಟ ಒಗ್ಗಲ್ಲ, ದಿನಾ ಅನ್ನ ಸಾರು ಗಾಡಿಯಲ್ಲೇ ಆಗ್ಬೇಕು. ಮನೇಲಿರೋ 14.2 ಕೆಜಿ ಸಿಲಿಂಡರನ್ನೇ ಇಟ್ಕೊಳ್ಳೋಣ ಅಂದ್ಕೊಂಡಿದ್ದೆ, ಗ್ಯಾರೇಜಿನವ್ರು ಬೇಡ ಅಂತಿದಾರೆ. ಎಷ್ಟು ಬೇಕಾಗುತ್ತೆ, ದಾರೀಲಿ ಖಾಲಿ ಆದ್ರೆ ಏನ್ ಮಾಡೋದು? ಅಲ್ಲಿ ಚಳಿಗೆ ಗ್ಯಾಸ್ ಉರಿಯಲ್ಲ ಅಂತಾರಲ್ಲ, ನಿಜಾನಾ?

ಘಟ್ಟದ_ದಾರಿ:
ಮನೆ ಸಿಲಿಂಡರ್ ಬೇಡ ಸರ್. ಆ ಕನೆಕ್ಷನ್ ನಿಮ್ಮನೆ ವಿಳಾಸಕ್ಕೆ ಕೊಟ್ಟಿರೋದು, ಬೇರೆ ಊರಲ್ಲಿ ಖಾಲಿ ಆದ್ರೆ ಬದಲಿಸಿ ಕೊಡಲ್ಲ, ತುಂಬಿದ್ರೆ ಹತ್ರಹತ್ರ 30 ಕೆಜಿ ಭಾರ ಬೇರೆ. 5 ಕೆಜಿದು ತಗೊಳ್ಳಿ, ಇಂಡೇನ್‌ದು ಛೋಟು ಅಂತ ಬರುತ್ತೆ, ವಿಳಾಸದ ಪುರಾವೆ ಕೇಳಲ್ಲ, ಗುರುತಿನ ಚೀಟಿ ಇದ್ರೆ ಸಾಕು, ಪೆಟ್ರೋಲ್ ಬಂಕಲ್ಲೂ ಸಿಗುತ್ತೆ. ಖಾಲಿದು ಕೊಟ್ಟು ತುಂಬಿದ್ದು ತಗೊಳ್ಳೋದು, ಆದ್ರೆ ಅದೇ ಕಂಪನಿಯ ಮಾರಾಟದ ಜಾಗ ಆಗಿರ್ಬೇಕು. ರಸ್ತೆ ಬದಿ ಅಂಗಡೀಲಿ ಪೈಪ್ ಹಾಕಿ ತುಂಬಿಸ್ಕೊಡೋ ಲೋಕಲ್ ಸಿಲಿಂಡರ್ ಮಾತ್ರ ಮುಟ್ಲೇಬೇಡಿ, ದಯವಿಟ್ಟು.

ತಗೊಳ್ಳುವಾಗ ಹಿಡಿಯ ಒಳಗಿನ ಪಟ್ಟಿ ನೋಡಿ, ಸಿ-27 ಅಂತಿದ್ರೆ 2027ರ ಜುಲೈ-ಸೆಪ್ಟೆಂಬರ್‌ಗೆ ಅದರ ಟೆಸ್ಟ್ ಇದೆ ಅಂತ ಅರ್ಥ. ಎ, ಬಿ, ಸಿ, ಡಿ ಮೂರ್ಮೂರು ತಿಂಗಳಿಗೊಂದು. ಅವಧಿ ದಾಟಿದ್ರೆ ವಾಪಸ್ ಕೊಡಿ.

ಧಾರವಾಡ_ಅಕ್ಕ:
ಅಣ್ಣಾರ, ಲೆಕ್ಕ ನಾ ಹೇಳ್ತೀನಿ ನೋಡ್ರಿ. ನಾವೂ ನಾಕ್ ಮಂದಿ ಹೋಗಿದ್ವಿ, ಎರಡು ಹೊತ್ತು ಅಡಗಿ, ಮೂರು ಸಲ ಚಾ, ದಿನಕ್ಕ ಕಾಲು ಕೆಜಿ ಹಿಡೀತಿತ್ತು. ನೀವು ಎರಡು ಸಿಲಿಂಡರ್ ಇಟ್ಕೋರಿ, ಒಂದು ಮುಗೀತಂದ್ರ ಎರಡನೇದು ಹಚ್ಚಿ, ಖಾಲಿದನ್ನ ಮುಂದಿನ ದೊಡ್ಡ ಊರಾಗ ಬದಲಿ ಮಾಡ್ರಿ, ಎರಡೂ ಮುಗಿಯೂ ಮಟಾ ಕಾಯಬ್ಯಾಡ್ರಿ. ಎಷ್ಟು ಉಳದೈತಿ ಅಂತ ಅಲುಗಾಡಿಸಿ ನೋಡಿದ್ರ ಗೊತ್ತಾಗಂಗಿಲ್ಲ, ಲಗೇಜ್ ತೂಗೂ ಕೊಕ್ಕಿಗೆ ಹಾಕಿ ತೂಗ್ರಿ, ಮ್ಯಾಲೆ ಬರದಿರೂ ಖಾಲಿ ತೂಕ ಕಳದ್ರ ಆತು.

ಕುಕ್ಕರ್ ಮರೀಬ್ಯಾಡ್ರಿ! ಸ್ಪಿತಿಯ ದೊಡ್ಡ ಊರು ಕಾಜಾ 3,700 ಮೀಟರ್ ಎತ್ತರದಾಗ ಐತಿ, ನೀರು 88 ಡಿಗ್ರಿ ಸುಮಾರಿಗೇ ಕುದೀತೈತಿ, ಪಾತ್ರ್ಯಾಗ ಬ್ಯಾಳಿ ಇಟ್ರ ಗ್ಯಾಸ್ ತೀರ್ತೈತೇ ವಿನಾ ಬ್ಯಾಳಿ ಬೇಯೂದಿಲ್ಲ.

ಸ್ಕಾಟ್ಲೆಂಡ್_ಕನ್ನಡಿಗ:
ಚಳಿ ಬಗ್ಗೆ ಹೇಳ್ತೀನಿ, ನಾವಿಲ್ಲಿ ಕ್ಯಾರವಾನ್ ಎಳ್ಕೊಂಡು ಸುತ್ತೋರು. ಇಲ್ಲಿ ಎರಡು ಥರ ಗ್ಯಾಸ್ ಸಿಗುತ್ತೆ, ಬ್ಯೂಟೇನ್ ನೀಲಿ ಬಾಟ್ಲಿ, ಪ್ರೊಪೇನ್ ಕೆಂಪು. ಬ್ಯೂಟೇನ್ ಸೊನ್ನೆ ಡಿಗ್ರಿ ಹತ್ರ ಬಂದ್ರೆ ಆವಿ ಆಗೋದೇ ನಿಲ್ಲುತ್ತೆ, ಪ್ರೊಪೇನ್ ಮೈನಸ್ 42ರವರೆಗೂ ಆವಿ ಆಗುತ್ತೆ, ಅದಕ್ಕೇ ಚಳಿಗಾಲಕ್ಕೆ ಕೆಂಪು. ಊರಲ್ಲಿ ಅಡುಗೆ ಗ್ಯಾಸ್ ಅಂದ್ರೆ ಎರಡರ ಮಿಶ್ರಣ, ಹಾಗಾಗಿ ಚಳೀಲಿ ಪೂರ್ತಿ ಕೈ ಕೊಡಲ್ಲ, ಆದ್ರೆ ಬೆಳಿಗ್ಗೆ ಉರಿ ಸಣ್ಣಗಾಗುತ್ತೆ, ಅದ್ರಲ್ಲೂ ಸಿಲಿಂಡರಲ್ಲಿ ಗ್ಯಾಸ್ ತಳ ಮುಟ್ಟಿದ್ದಾಗ. ಬಿಸಿಲು ಬಂದ್ಮೇಲೆ ಅಡುಗೆಗೆ ಕೂರಿ. ಸಿಲಿಂಡರಿಗೆ ಬೆಂಕಿ ಶಾಖ ಕೊಡೋದು, ಕುದಿಯೋ ನೀರು ಸುರಿಯೋದು ಮಾಡ್ಬೇಡಿ. ಚಳಿ ಅಂತ ರಾತ್ರಿ ಒಲೆ ಹಚ್ಚಿ ಬಾಗಿಲು ಹಾಕಿ ಮಲಗೋದಂತೂ ಬೇಡವೇ ಬೇಡ, ಒಲೆಯಿಂದ ಬರೋ ವಿಷಾನಿಲ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇರಲ್ಲ, ಮಲಗಿದೋರು ಏಳಲ್ಲ. ಅದರ ಅಲಾರಂ ಒಂದು ಹಾಕಿಸಿ.

ಘಟ್ಟದ_ದಾರಿ:
ಇನ್ನೊಂದು, ಸಿಲಿಂಡರ್ ಇಡೋ ಪೆಟ್ಟಿಗೆಯ ತಳದಲ್ಲಿ ಹೊರಗೆ ಗಾಳಿ ಹೋಗೋ ತೂತು ಇರ್ಲೇಬೇಕು, ಈ ಗ್ಯಾಸ್ ಗಾಳಿಗಿಂತ ಭಾರ, ಸೋರಿದ್ರೆ ಕೆಳಗೇ ನಿಲ್ಲುತ್ತೆ. ನಮ್ಮದರಲ್ಲಿ ಗೋಕರ್ಣದಲ್ಲಿ ಬೆಳಿಗ್ಗೆ ಎದ್ದಾಗ ಕೊಳೆತ ಎಲೆಕೋಸಿನ ಥರ ವಾಸನೆ, ಅದೂ ನೆಲದಲ್ಲಿ ಮಲಗಿದ್ದ ಮಗನಿಗೆ ಮೊದಲು ಬಂದಿದ್ದು. ಬಾಗಿಲೆಲ್ಲಾ ತೆಗೆದು, ಒಂದು ಸ್ವಿಚ್ಚೂ ಮುಟ್ಟದೆ ಸಿಲಿಂಡರ್ ಹೊರಗೆ ಒಯ್ದು ಸೋಪಿನ ನೊರೆ ಹಚ್ಚಿದ್ರೆ ರೆಗ್ಯುಲೇಟರ್ ಬುಡದಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆ ಒಂದರ ಹಿಂದೆ ಒಂದು ಏಳ್ತಿತ್ತು. ಒಳಗಿನ ರಬ್ಬರ್ ಉಂಗುರ ಬಿರುಕು ಬಿಟ್ಟಿತ್ತು, ಅಷ್ಟೇ. ಅವತ್ತಿಂದ ಸಿಲಿಂಡರ್ ಬದಲಿಸಿದಾಗೆಲ್ಲಾ ನೊರೆ ಹಚ್ತೀನಿ, ಗಾಡಿ ಓಡುವಾಗ ರೆಗ್ಯುಲೇಟರ್ ಬಿಚ್ಚಿ ಮುಚ್ಚಳ ಹಾಕಿರ್ತೀನಿ.

ಶಿವಮೊಗ್ಗ_ಸವಾರಿ:
ಎಲ್ರಿಗೂ ತುಂಬಾ ಥ್ಯಾಂಕ್ಸ್, ಅಕ್ಕಂಗೆ ವಿಶೇಷವಾಗಿ. ಪೆಟ್ಟಿಗೆ ತಳದಲ್ಲಿ ತೂತು ಹಾಕಿಸಿಲ್ಲ, ನಾಳೇನೇ ಗ್ಯಾರೇಜಿಗೆ ಹೋಗ್ತೀನಿ. ಎರಡು 5 ಕೆಜಿದು ತಗೊಂಡು ಮನೇಲೇ ಒಂದು ವಾರ ಅದರಲ್ಲೇ ಅಡುಗೆ ಮಾಡಿ ತೂಗಿ ನೋಡಿ ಇಲ್ಲೇ ಹೇಳ್ತೀನಿ.