ರಕೂನ್ (ಅಮೆರಿಕದ ಒಂದು ಕಾಡುಪ್ರಾಣಿ) ಚರ್ಮದ ಕೊಬ್ಬು ತೆಗೆದು ಎಳೆದು ಒಣಗಿಸುವುದು ಹೇಗೆ?

ಹೊಸಬ, ಓಹಾಯೋ (ಅಮೆರಿಕ):
ಲೈಸೆನ್ಸ್ ಮಾಡಿಸಿ ಪಕ್ಕದ ಜಮೀನಿನವರ ಹತ್ತಿರ ಟ್ರ್ಯಾಪಿಂಗ್ (ತುಪ್ಪಳಕ್ಕಾಗಿ ಬೋನಿಟ್ಟು ಪ್ರಾಣಿ ಹಿಡಿಯುವುದು) ಕಲಿಯುತ್ತಿದ್ದೇನೆ. ಸುಲಿಯುವುದು ಬಂತು. ಕೊಬ್ಬು ಮಾತ್ರ ಮುಗಿಯುವುದೇ ಇಲ್ಲ, ಜೋರಾಗಿ ಕೆರೆದರೆ ಚರ್ಮ ತೂತಾಗುತ್ತದೆ ಅಂತ ಭಯ. ತಂತಿ ಚೌಕಟ್ಟಿಗೆ ಎಷ್ಟು ಬಿಗಿಯಾಗಿ ಎಳೆಯಬೇಕು? ಉಪ್ಪು ಬೇಕಾ?

ಕಾಡುದಾರಿ:
ಮೊದಲು ಗ್ಲೌಸ್ ಹಾಕಿ. ರಕೂನ್ ಮಲದಲ್ಲಿರುವ ದುಂಡುಹುಳದ ಮೊಟ್ಟೆ ಮನುಷ್ಯರ ಮೆದುಳಿಗೇ ತೊಂದರೆ ಕೊಡಬಹುದು, ಸುಮ್ನೆ ಹೇಳುತ್ತಿಲ್ಲ. ಇಳಿಜಾರು ಮರದ ದಿಮ್ಮಿ ಮೇಲೆ ಚರ್ಮ ಹಾಕಿ, ಕತ್ತಿನಿಂದ ಬಾಲದ ಕಡೆಗೆ ಎರಡು ಹಿಡಿಯ ಕತ್ತಿಯಿಂದ ತಳ್ಳಿ. ಕತ್ತು, ಭುಜದ ಹತ್ತಿರ ಗಟ್ಟಿ ಪದರ ಇರುತ್ತದೆ, ಬೆವರು ಇಳಿಯುವುದು ಅಲ್ಲೇ. ಹೊಟ್ಟೆ ಕಡೆ ತೆಳು, ಕೈ ಹಗುರ ಇರಲಿ.

ಹಳೇ ಬೋನು:
ಚೌಕಟ್ಟಿಗೆ ತುಪ್ಪಳ ಒಳಗೆ, ಚರ್ಮ ಹೊರಗೆ. ಸುಕ್ಕು ಹೋಗುವಷ್ಟು ಎಳೆದರೆ ಸಾಕು, ಜಾಸ್ತಿ ಎಳೆದರೆ ತುಪ್ಪಳ ವಿರಳವಾಗಿ ಕಾಣುತ್ತದೆ. ಬಾಲವನ್ನು ಕೆಳಗಡೆಯಿಂದ ತುದಿವರೆಗೂ ಸೀಳಿ, ಇಲ್ಲದಿದ್ದರೆ ಕೊಳೆಯುತ್ತದೆ. ಹೀಟರ್ ಹತ್ತಿರ ಬೇಡವೇ ಬೇಡ, ತಂಪಾಗಿ ಗಾಳಿ ಆಡುವ ಕಡೆ ತೂಗುಹಾಕಿ, ಮೇಲೆ ಬರುವ ಜಿಡ್ಡನ್ನು ಬಟ್ಟೆಯಿಂದ ಒರೆಸುತ್ತಿರಿ.

ಕಾಡುದಾರಿ:
ಉಪ್ಪಿನ ವಿಷಯ: ತುಪ್ಪಳ ವ್ಯಾಪಾರಿಗೆ ಕೊಡುವುದಾದರೆ ಹಚ್ಚಬೇಡಿ. ನೀವೇ ಹದ ಮಾಡುವುದಾದರೆ ಹಚ್ಚಿ.