ಶಿರಸಿಯಲ್ಲಿ ಬೇಡರ ವೇಷದ ಶಿಲ್ಪ ಬೇಕೇ? ಕಾರವಾರದ ರಾಕ್ ಗಾರ್ಡನ್ ನೋಡಿ ಬಂದ ಮೇಲೆ ಒಂದು ಚರ್ಚೆ

ದೇವಿಕೆರೆ ದಂಡೆ:
ಶಿರಸಿಯ ಯಾವುದಾದರೂ ಸರ್ಕಲ್‌ನಲ್ಲಿ ನಮ್ಮೂರ ಹೋಳಿ ರಾತ್ರಿಯ ಜನಪದ ಕುಣಿತವಾದ ಬೇಡರ ವೇಷದ ದೊಡ್ಡ ಶಿಲ್ಪವೊಂದನ್ನು ನಿಲ್ಲಿಸಬೇಕು ಅನ್ನೋದು ನನ್ನ ಬಹಳ ದಿನದ ಆಸೆ. ಮೊನ್ನೆ ಮನೆಯವರ ಜೊತೆ ಕಾರವಾರದ ರಾಕ್ ಗಾರ್ಡನ್ ನೋಡಿ ಬಂದ ಮೇಲೆ ಆ ಆಸೆ ಇನ್ನೂ ಗಟ್ಟಿಯಾಗಿದೆ. ನೋಡದವರಿಗೆ ಹೇಳ್ತೇನೆ: ಟಾಗೋರ್ ಕಡಲತೀರದಲ್ಲಿ, ಹೆದ್ದಾರಿ 66ರ ಪಕ್ಕಕ್ಕೇ, ನಮ್ಮ ಜಿಲ್ಲೆಯ ಹಾಲಕ್ಕಿ, ಸಿದ್ದಿ, ಗೌಳಿ ಮುಂತಾದ ಜನರ ಬದುಕನ್ನು ಪ್ರತಿಮೆಗಳಲ್ಲಿ ತೋರಿಸಿರೋ ಜಾಗ ಅದು. ಹೊರಗಿನವರು ಅಲ್ಲೇ ಮ್ಯೂಸಿಯಂ ಆಗಿರೋ ಚಾಪೆಲ್ ಯುದ್ಧನೌಕೆ ಹತ್ತಿ ಇಳಿದು, ಟುಪೊಲೆವ್ ವಿಮಾನ ನೋಡಿ, ಆಮೇಲೆ ಇಲ್ಲಿಗೆ ಬರ್ತಾರೆ. ನನ್ನ ಮಗಳು ಹಡಗಿನಲ್ಲಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಇಲ್ಲಿ ಮಾತ್ರ ಪ್ರತಿಯೊಂದು ಗುಂಪಿನ ಮುಂದೆ ನಿಂತು "ಇವರು ಈಗಲೂ ಇದ್ದಾರಾ? ಎಲ್ಲಿ?" ಅಂತ ಕೇಳಿದಳು. ಶಿಲ್ಪ ಇಲ್ಲದಿದ್ದರೆ ಆ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ಬೇಡರ ವೇಷ ಎರಡು ವರ್ಷಕ್ಕೊಮ್ಮೆ, ಮಾರಿಕಾಂಬಾ ಜಾತ್ರೆ ಇಲ್ಲದ ವರ್ಷದ ಹೋಳಿಗೆ, ಕೆಲವೇ ರಾತ್ರಿ. ಉಳಿದ ದಿನ ಊರಿಗೆ ಬಂದವರಿಗೆ ಇಂಥದ್ದೊಂದು ಇದೆ ಅಂತ ತಿಳಿಯೋದಾದರೂ ಹೇಗೆ? ನವಿಲುಗರಿ ಬೆನ್ನಿಗೆ ಕಟ್ಟಿ, ಕತ್ತಿ ಗುರಾಣಿ ಹಿಡಿದು ನಿಂತ ಬೇಡ ಬಸ್ಸಿನಿಂದ ಇಳಿಯುವವರ ಕಣ್ಣಿಗೆ ಕೂಡಲೇ ಬೀಳಬೇಕು.

ಹಲಗೆ ಪೆಟ್ಟು:
ನಾನು ಪೂರ್ತಿ ವಿರೋಧ. ಬೇಡರ ವೇಷವನ್ನು ಹತ್ತಿರದಿಂದ ನೋಡಿದವರು ಹೀಗೆ ಹೇಳೋದು ಕಷ್ಟ. ಅದರ ಜೀವ ಇರೋದು ಗರಿಯಲ್ಲಿ ಅಲ್ಲ, ಹಗ್ಗದಲ್ಲಿ. ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಹಿಂದಿನಿಂದ ಹಿಡಿದವರು ಕಾಲು ಊರಿ ಮೈಯೆಲ್ಲ ಹಿಂದಕ್ಕೆ ವಾಲಿಸಿ ನಿಂತಿರ್ತಾರೆ. ತಮಟೆ ಏರುತ್ತದೆ, ಬೇಡ ಒಮ್ಮೆಗೇ ಮುಂದಕ್ಕೆ ನುಗ್ಗುತ್ತಾನೆ, ಹಗ್ಗ ಬಿಗಿಯುತ್ತದೆ, ಜನ ಅಂಗಡಿ ಶಟರ್‌ಗೆ ಅಂಟಿಕೊಂಡು ನಿಲ್ತಾರೆ. ಹಗ್ಗ ಬಿಟ್ಟರೆ ಏನಾಗಬಹುದು ಅನ್ನೋ ಭಯ ಆ ಕ್ಷಣದಲ್ಲಿ ನಿಜವಾದದ್ದು. ವೇಷ ಕಟ್ಟುವ ಹುಡುಗರು ಅದಕ್ಕಾಗಿಯೇ ವಾರಗಟ್ಟಲೆ ರಾತ್ರಿ ತಾಲೀಮು ಮಾಡ್ತಾರೆ. ಅಲ್ಲಾಡದ ಬೇಡನನ್ನು ಟ್ರಾಫಿಕ್ ನಡುವೆ ನಿಲ್ಲಿಸಿದರೆ ಮಕ್ಕಳು ಮೊದಲು ಅವನನ್ನೇ ನೋಡಿ, ಆಮೇಲೆ ನಿಜವಾದ ವೇಷ ನೋಡುವಾಗ "ಓ, ಇವನು ಆ ಸರ್ಕಲ್‌ನಲ್ಲಿರೋ ಬೇಡ" ಅಂತಾರೆ. ಆ ಭಯವನ್ನು ನಾವೇ ಕೈಯಾರೆ ಕಳೆದಂತೆ.

ಅಂಕೋಲಾ ಗದ್ದೆಬಯಲು:
ರಾಕ್ ಗಾರ್ಡನ್ ಬಗ್ಗೆ ಒಂದು ಮಾತು ಹೇಳಬೇಕು, ಯಾಕಂದ್ರೆ ಅಲ್ಲಿ ನಿಂತಿರೋದು ನಮ್ಮ ಜನ. ನಾನು ಹಾಲಕ್ಕಿ ಮನೆಯವಳು. ಮೊದಲ ಸಲ ಅಜ್ಜಿಯನ್ನು ಕರೆದುಕೊಂಡು ಹೋದಾಗ ಅವಳು ಪ್ರತಿಮೆಯ ಮುಖ ನೋಡಲಿಲ್ಲ, ಕೊರಳು ನೋಡಿದಳು. ಕರಿಮಣಿ ಸರ ಸುತ್ತು ಸುತ್ತಾಗಿ ಎದೆ ತುಂಬಬೇಕು, ಸೀರೆ ಕಟ್ಟು ಹೆಗಲ ಮೇಲೆ ಹೀಗೆ ಬರಬೇಕು ಅಂತ ನನಗೆ ತನ್ನ ಮೈಮೇಲೆಯೇ ತೋರಿಸಿದಳು. ಆಮೇಲೆ ಅಲ್ಲೇ ಬದಿಯಲ್ಲಿ ಕೂತು ನಟ್ಟಿ ಹಾಡೊಂದನ್ನು ಸಣ್ಣ ದನಿಯಲ್ಲಿ ಹೇಳಿದಳು. ಸುತ್ತಲಿದ್ದ ಪ್ರವಾಸಿಗರು ಪ್ರತಿಮೆ ಬಿಟ್ಟು ಅವಳ ಸುತ್ತ ಸೇರಿದರು.

ನನ್ನ ಅಭಿಪ್ರಾಯ ಇಷ್ಟೇ: ಶಿಲ್ಪ ಬೇಡ ಅಂತಲ್ಲ, ಶಿಲ್ಪದ ಪಕ್ಕ ಹೇಳುವವರು ಬೇಕು. ಹಾಡುಗಾರ್ತಿ, ನಮ್ಮ ಸುಕ್ರಿ ಬೊಮ್ಮಗೌಡ ಅಜ್ಜಿಗೆ 2017ರಲ್ಲಿ ಪದ್ಮಶ್ರೀ ಬಂತು, ಗಿಡ ನೆಟ್ಟು ಬೆಳೆಸಿದ ತುಳಸಿ ಗೌಡ ಅಜ್ಜಿ 2021ರಲ್ಲಿ ರಾಷ್ಟ್ರಪತಿ ಭವನಕ್ಕೆ ಬರಿಗಾಲಲ್ಲೇ ಹೋಗಿ ಪದ್ಮಶ್ರೀ ತಗೊಂಡರು. ಇಬ್ಬರೂ ಈಗಿಲ್ಲ, ತುಳಸಜ್ಜಿ 2024ರ ಡಿಸೆಂಬರ್‌ನಲ್ಲಿ, ಸುಕ್ರಜ್ಜಿ 2025ರ ಫೆಬ್ರುವರಿಯಲ್ಲಿ ಹೋದರು. ಒಬ್ಬರ ಬಾಯಲ್ಲಿ ಹಾಡಿತ್ತು, ಇನ್ನೊಬ್ಬರ ಕೈಯಲ್ಲಿ ಕಾಡು ಇತ್ತು. ಅವರಿಗೆ ತಿಳಿದದ್ದರಲ್ಲಿ ಪ್ರತಿಮೆಗೆ ಇಳಿಯೋದು ಎಷ್ಟು? ಉಡುಗೆ ಮಾತ್ರ. ನಮ್ಮ ಹೆಂಗಸರನ್ನು ಉಡುಗೆಯಿಂದಲೇ ಗುರುತಿಸಿ ಫೋಟೊ ತೆಗೆದುಕೊಂಡು ಹೋದವರು ಬಹಳ ಮಂದಿ. ಕೂತು ಹಾಡು ಕೇಳಿದವರು ಕಡಿಮೆ.

ಉಪ್ಪುಗಾಳಿ:
ನಾನು ಕಟ್ಟಡದ ಕೆಲಸದವನು, ಆ ಕಡೆಯಿಂದ ಮಾತಾಡ್ತೇನೆ. ಕರಾವಳಿಯಲ್ಲಿ ಕಾಂಕ್ರೀಟ್ ಪ್ರತಿಮೆ ಮಾಡೋದು ಸುಲಭ, ಉಳಿಸೋದು ಕಷ್ಟ. ಗಾಳಿಯಲ್ಲಿರೋ ಉಪ್ಪು ಸಿಮೆಂಟಿನ ಒಳಗೆ ಇಳಿದು ಸರಳನ್ನು ಮುಟ್ಟುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುವ ಕಾರಣ ಒಳಗಿನಿಂದಲೇ ಒತ್ತಿ ಸಿಮೆಂಟನ್ನು ಸೀಳುತ್ತದೆ. ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456 ಪ್ರಕಾರ ಕರಾವಳಿ ವಾತಾವರಣದಲ್ಲಿ ಸರಳಿನ ಮೇಲೆ ಕನಿಷ್ಠ 45 ಮಿಲಿಮೀಟರ್ ಕವರ್, ಅಂದ್ರೆ ಕಾಂಕ್ರೀಟಿನ ಹೊದಿಕೆ ಬೇಕು, ಸಮುದ್ರದ ತುಂತುರು ಬೀಳುವಲ್ಲಿ 50. ಕಂಬಕ್ಕೆ, ತೊಲೆಗೆ ಅದು ಸರಿ. ಮನುಷ್ಯನ ಬೆರಳಿಗೆ, ಮೂಗಿಗೆ 45 ಮಿಲಿಮೀಟರ್ ಎಲ್ಲಿಂದ ತರೋದು? ಅದಕ್ಕೇ ಪ್ರತಿಮೆಗಳಲ್ಲಿ ಮೊದಲು ಹೋಗೋದು ಬೆರಳು.

ಶಿರಸಿಯಲ್ಲಿ ಉಪ್ಪಿಲ್ಲ, ಆದರೆ ನಾಲ್ಕು ತಿಂಗಳ ಮಳೆ ಇದೆ, ಪಾಚಿ ಇದೆ. ಸಿಮೆಂಟಿನ ನವಿಲುಗರಿ ಮೂರು ಮಳೆಗಾಲ ಕಳೆಯೋದರಲ್ಲಿ ಕಪ್ಪಾಗುತ್ತದೆ. ವರ್ಷವರ್ಷ ಬಣ್ಣ ಬಳಿದರೆ ಆ ಬಣ್ಣದ ಪದರದಡಿ ಮುಖದ ಗೆರೆಯೆಲ್ಲ ಮುಚ್ಚಿಹೋಗುತ್ತದೆ. ಮಾಡೋದಾದರೆ ಕಂಚಿನಲ್ಲಿ ಮಾಡಿ, ಇಲ್ಲಾ ಮಾಡಬೇಡಿ. ಕಂಚಿಗೆ ದುಡ್ಡಿಲ್ಲ ಅಂದ್ರೆ ಕಾಯಬೇಕು, ಅಷ್ಟೇ.

ಹೊನ್ನಾವರದಿಂದ ಕ್ರಾಕೋವ್‌ಗೆ:
ಹಲಗೆ ಪೆಟ್ಟು ಅವರ ಆತಂಕ ನಿಜ, ಆದರೆ ಅಲ್ಲಾಡದ ಶಿಲ್ಪ ಭಯವನ್ನು ಕಳೆದೇ ಕಳೆಯುತ್ತದೆ ಅನ್ನೋದನ್ನು ಒಪ್ಪಲಾರೆ. ನಾನಿರೋದು ಪೋಲೆಂಡಿನ ಕ್ರಾಕೋವ್‌ನಲ್ಲಿ. ಇಲ್ಲಿನ ವಾವೆಲ್ ಕೋಟೆಯ ಬುಡದ ಗುಹೆಯಲ್ಲಿ ಒಂದು ಡ್ರ್ಯಾಗನ್ ಇತ್ತು, ಊರ ದನಕರು, ಹೆಣ್ಣುಮಕ್ಕಳನ್ನು ತಿನ್ನುತ್ತಿತ್ತು ಅಂತ ಜನಪದ ಕಥೆ. ದೊಡ್ಡ ವೀರರು ಸೋತ ಮೇಲೆ ಒಬ್ಬ ಚಮ್ಮಾರ ಕುರಿ ಚರ್ಮದೊಳಗೆ ಗಂಧಕ ತುಂಬಿ ಗುಹೆ ಮುಂದೆ ಇಟ್ಟ. ಅದನ್ನು ನುಂಗಿದ ಡ್ರ್ಯಾಗನ್ ಉರಿ ತಾಳಲಾರದೆ ವಿಸ್ಟುಲಾ ನದಿ ನೀರು ಕುಡಿದು ಕುಡಿದು ಹೊಟ್ಟೆ ಒಡೆದು ಸತ್ತಿತು. ಬ್ರೋನಿಸ್ವಾಫ್ ಖ್ರೋಮಿ ಎಂಬ ಶಿಲ್ಪಿ ಮಾಡಿದ ಅದರ ಲೋಹದ ಪ್ರತಿಮೆಯನ್ನು 1972ರಲ್ಲಿ ಅದೇ ಗುಹೆಯ ಬಾಯಲ್ಲಿ ನಿಲ್ಲಿಸಿದರು. ಒಳಗೆ ಗ್ಯಾಸ್ ಕೊಳವೆ ಇದೆ, ಕೆಲವು ನಿಮಿಷಕ್ಕೊಮ್ಮೆ ಬಾಯಿಂದ ನಿಜವಾದ ಬೆಂಕಿ ಉಗುಳುತ್ತದೆ. ಗೊತ್ತಿದ್ದೂ ಮಕ್ಕಳು ಪ್ರತಿ ಸಲ ಕಿರುಚಿ ಹಿಂದೆ ಸರೀತಾರೆ, ಮತ್ತೆ ಮುಂದೆ ಬರ್ತಾರೆ.

ಎರಡು ವಿಷಯ ಗಮನಿಸಿ. ಶಿಲ್ಪ ನಿಂತಿರೋದು ಸರ್ಕಲ್‌ನಲ್ಲಲ್ಲ, ಕಥೆ ನಡೆದ ಜಾಗದಲ್ಲೇ. ಜನ ಬೆಟ್ಟದ ಮೇಲಿನಿಂದ ಆ ಗುಹೆಯೊಳಗೆ ಇಳಿದು, ಕತ್ತಲೆಯಲ್ಲಿ ನಡೆದು, ಹೊರಬಂದಾಗ ಅದು ಎದುರಾಗುತ್ತದೆ. ಎರಡನೆಯದು, ನನಗೆ ಬೇಸರದ ವಿಷಯ: ಫೋಟೊ ಎಲ್ಲವೂ ಡ್ರ್ಯಾಗನ್ ಜೊತೆ. ಊರು ಉಳಿಸಿದ ಚಮ್ಮಾರನ ಹೆಸರು ಕೇಳಿದರೆ ಪ್ರವಾಸಿಗರಲ್ಲಿ ಹೇಳುವವರು ಸಿಗೋದು ಅಪರೂಪ.

ಸೋಂದೆ ದಾರಿ:
ಈ ಕೊನೆಯ ಸಾಲಿಗಾಗಿ ಧನ್ಯವಾದ. ನಾನು ಹೇಳಬೇಕೆಂದಿದ್ದೂ ಅದೇ. ಇಷ್ಟು ಹೊತ್ತು ಎಲ್ಲರೂ ಬೇಡನ ಬಗ್ಗೆಯೇ ಮಾತಾಡಿದ್ದೀರಿ. ರುದ್ರಾಂಬಿಕೆ ಎಲ್ಲಿ?

ಹೊರಗಿನವರಿಗಾಗಿ ಕಥೆ ಹೇಳಿಬಿಡ್ತೇನೆ. ಸೋಂದೆ ಅರಸರ ಕಾಲ. ಊರಿನ ರಕ್ಷಣೆಗೆ ಅಂತ ಮಲ್ಲೇಶಿ ಎಂಬ ಬೇಡನನ್ನು ನೇಮಿಸಿದರು. ಕಾಯಬೇಕಾದವನೇ ಹೆಣ್ಣುಮಕ್ಕಳನ್ನು ಪೀಡಿಸತೊಡಗಿದ. ದಾಸಪ್ಪ ಶೆಟ್ಟಿಯ ಮಗಳು ರುದ್ರಾಂಬಿಕೆಯ ಮೇಲೆ ಅವನ ಕಣ್ಣು ಬಿತ್ತು. ಅವಳು ಒಪ್ಪಿದವಳಂತೆ ನಟಿಸಿ, ಹೋಳಿಯ ದಿನ ಕುಣಿಯುತ್ತಿದ್ದ ಅವನ ಕಣ್ಣು ಕುರುಡಾಗುವಂತೆ ಮಾಡಿದಳು. ಸಿಟ್ಟಿನಿಂದ ಅವಳ ಮೇಲೆ ನುಗ್ಗಿದವನನ್ನು ಜನ ಕಟ್ಟಿಹಾಕಿ ಸುಟ್ಟರು, ಅವಳೂ ಬೆಂಕಿಗೆ ಹೋದಳು. ಮನೆಯಿಂದ ಮನೆಗೆ ವಿವರ ಸ್ವಲ್ಪ ಬದಲಾಗುತ್ತದೆ, ಆದರೆ ಊರನ್ನು ಬಿಡಿಸಿದವಳು ಅವಳು ಅನ್ನೋದು ಎಲ್ಲ ಕಡೆ ಒಂದೇ. ವೇಷದಲ್ಲಿ ಅವನು ನುಗ್ಗೋದೂ ಅವಳ ಮೇಲೆಯೇ, ಹಗ್ಗ ತಡೆಯೋದೂ ಅವಳಿಗಾಗಿಯೇ. ಬೀದಿಯಲ್ಲಿ ಮಾತ್ರ ಅವಳು ಕಾಣೋದಿಲ್ಲ. ಕುಣಿತದಲ್ಲಿ ಅದು ನಡೆಯುತ್ತದೆ, ಹಗ್ಗ ಎಳೆಯೋವಾಗ ನೋಡುವ ಪ್ರತಿ ಹೆಂಗಸೂ ಒಂದು ಕ್ಷಣ ಅವಳೇ ಆಗಿರ್ತಾಳೆ. ಶಿಲ್ಪದಲ್ಲಿ ಅದು ನಡೆಯೋದಿಲ್ಲ. ಪೀಡಿಸಿದವನೊಬ್ಬನೇ ಎತ್ತರದ ಕಟ್ಟೆಯ ಮೇಲೆ ನಿಂತು ಊರಿನ ಗುರುತಾಗುತ್ತಾನೆ, ಮಾಲೆಯೂ ಬೀಳುತ್ತದೆ. ನನ್ನ ಮಗಳು ದಿನಾ ಅದರ ಕೆಳಗೆ ಶಾಲೆಗೆ ಹೋಗೋದು ನನಗೆ ಬೇಡ.

ಇನ್ನೊಂದು. ಬೇಡ ಅನ್ನೋದು ಕಥೆಯ ಪಾತ್ರ ಮಾತ್ರವಲ್ಲ, ನಮ್ಮ ನಡುವೆ ಬದುಕುವ ಜನರ ಹೆಸರೂ ಹೌದು. ಒಬ್ಬನ ದುಷ್ಟತನಕ್ಕೆ ಆ ಹೆಸರಿಟ್ಟು ಕಟ್ಟೆಯ ಮೇಲೆ ಬರೆದರೆ ಅವರಿಗೆ ಹೇಗನಿಸಬಹುದು? ಅವರನ್ನು ಕೇಳದೆ ಒಂದು ಕಲ್ಲೂ ಎತ್ತಬಾರದು.

ದೇವಿಕೆರೆ ದಂಡೆ:
ರುದ್ರಾಂಬಿಕೆಯ ಮಾತು ಸರಿ. ಹಾಗಾದರೆ ಇಬ್ಬರನ್ನೂ ಮಾಡೋಣ. ಹಗ್ಗ ಹಿಡಿದವರನ್ನೂ ಸೇರಿಸಿ ಗುಂಪು ಶಿಲ್ಪ. ಆದರೆ ಏನೂ ಬೇಡ ಅನ್ನೋದಕ್ಕೆ ನಾನು ತಯಾರಿಲ್ಲ. ಹುಡುಗರು ಕೆಲಸ ಹುಡುಕಿ ಬೆಂಗಳೂರಿಗೆ ಹೋಗ್ತಿದ್ದಾರೆ. ಹೋಳಿ ರಾತ್ರಿಯ ನೆನಪನ್ನೇ ನಂಬಿ ಕೂತರೆ ಇನ್ನು ಇಪ್ಪತ್ತು ವರ್ಷಕ್ಕೆ ಹಗ್ಗ ಹಿಡಿಯುವವರು ಎಷ್ಟು ಮಂದಿ ಸಿಗ್ತಾರೆ?

ಮುರ್ಡೇಶ್ವರ ಪಕ್ಕದೂರು:
ಗುಂಪಾಗಿ, ಕಥೆಯಾಗಿ ಮಾಡೋದಕ್ಕೆ ನಮ್ಮಲ್ಲೇ ಮಾದರಿ ಇದೆ. ಮುರ್ಡೇಶ್ವರದಲ್ಲಿ 123 ಅಡಿಯ ಶಿವನನ್ನು ಎಲ್ಲರೂ ನೋಡ್ತಾರೆ. ಅದರ ಅಡಿಯ ಗುಹೆಗೆ ಹೋಗಿ ಬನ್ನಿ. ರಾವಣ ಆತ್ಮಲಿಂಗ ತಂದದ್ದು, ಗಣಪತಿ ವಟುವಾಗಿ ಬಂದದ್ದು, ಗೋಕರ್ಣದಲ್ಲಿ ಲಿಂಗ ನೆಲಕ್ಕೆ ಮುಟ್ಟಿದ್ದು, ಎಲ್ಲ ಒಂದರ ನಂತರ ಒಂದು ಬರುತ್ತದೆ. ಸಿಟ್ಟಿನಲ್ಲಿ ರಾವಣ ಎಸೆದ ಪೆಟ್ಟಿಗೆ, ಮುಚ್ಚಳ, ದಾರ, ಬಟ್ಟೆ ಬಿದ್ದ ಕಡೆಯೆಲ್ಲ ಲಿಂಗವಾಯಿತು ಅಂತ ನಾವು ಕೇಳಿ ಬೆಳೆದ ಕಥೆ: ಕಾರವಾರದ ಸೆಜ್ಜೇಶ್ವರ, ಗುಣವಂತೆ, ಧಾರೇಶ್ವರ, ಮುರ್ಡೇಶ್ವರ. ಕರಾವಳಿಯ ಉದ್ದಕ್ಕೂ ಒಂದೇ ಕಥೆ ಹರಡಿಕೊಂಡಿದೆ. ಗುಹೆಯಲ್ಲಿ ನಿಂತ ಅಪ್ಪ ಅಮ್ಮಂದಿರು ಬಾಯಿ ಬಿಟ್ಟು ಮಕ್ಕಳಿಗೆ ಕಥೆ ಹೇಳ್ತಾರೆ. ಮೇಲಿನ ದೊಡ್ಡ ಶಿವನ ಮುಂದೆ ಸೆಲ್ಫಿ ಮಾತ್ರ ತೆಗೀತಾರೆ. ಎತ್ತರ ಮುಖ್ಯ ಅಲ್ಲ, ಕ್ರಮ ಮುಖ್ಯ.

ಉಪ್ಪುಗಾಳಿ:
ಕ್ರಮ ಬೇಕು ಅಂದ್ರೆ ಪ್ರತಿಮೆಯೇ ಯಾಕೆ ಬೇಕು? ಮಾರಿಕಾಂಬಾ ದೇವಸ್ಥಾನದ ಗೋಡೆ ಮೇಲೆ ಕಾವಿ ಚಿತ್ರ ನೋಡಿಲ್ವಾ? ಬಿಳಿ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಬಳಿದು, ಹಸಿ ಇರುವಾಗಲೇ ಮೊಳೆಯಂಥ ಉಳಿಯಿಂದ ಗೀರಿ ಒಳಗಿನ ಬಿಳುಪು ತೆಗೆಯೋದು. ಸರಳು ಇಲ್ಲ, ತುಕ್ಕು ಇಲ್ಲ, ಮೇಲೊಂದು ಚಾವಣಿ ಇದ್ದರೆ ಸಾಕು. ನಮ್ಮದೇ ಮಣ್ಣು, ನಮ್ಮದೇ ಸುಣ್ಣ. ಒಂದು ಉದ್ದ ಗೋಡೆ ಸಿಕ್ಕರೆ ಮಲ್ಲೇಶಿ, ರುದ್ರಾಂಬಿಕೆ, ದಾಸಪ್ಪ ಶೆಟ್ಟಿ, ಹಗ್ಗ, ತಮಟೆ, ನೋಡುವ ಜನ ಎಲ್ಲರೂ ಬರ್ತಾರೆ. ಕಟ್ಟೆಯ ಮೇಲೆ ಯಾರೂ ನಿಲ್ಲೋದಿಲ್ಲ.

ಸೋಂದೆ ದಾರಿ:
ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಗೋಡೆಯಲ್ಲಿ ಅವಳನ್ನು ಮೊದಲು ಬರೆಯಲಿ.

ಹಲಗೆ ಪೆಟ್ಟು:
ಗೋಡೆ ಆದರೆ ನನ್ನ ವಿರೋಧ ಕಡಿಮೆ, ಪೂರ್ತಿ ಹೋಗಿಲ್ಲ. ಒಂದು ಷರತ್ತು: ಮುಖ ಬೇಡ. ಬೇಡನ ಮುಖ ಬಣ್ಣ ಬಳಿಯುವವನ ಕೈಯಲ್ಲಿ ಪ್ರತಿ ಹೋಳಿಗೂ ಹೊಸದಾಗಿ ಹುಟ್ಟುತ್ತದೆ, ಪ್ರತಿ ತಂಡದ್ದೂ ಬೇರೆ. ಗೋಡೆಯಲ್ಲಿ ಬೆನ್ನು, ಗರಿ, ಹಗ್ಗ ಇರಲಿ. ಮುಖ ನೋಡಬೇಕಾದವರು ರಾತ್ರಿ ಬೀದಿಗೆ ಬರಲಿ.

ಅಂಕೋಲಾ ಗದ್ದೆಬಯಲು:
ಮುಖ ಇಲ್ಲದ ಬೇಡ, ಮುಖ ಇರೋ ರುದ್ರಾಂಬಿಕೆ. ನನಗೆ ಇಷ್ಟವಾಯ್ತು. ಆದರೆ ನನ್ನ ಮೊದಲಿನ ಮಾತು ಬಿಡೋದಿಲ್ಲ, ಗೋಡೆಯ ಪಕ್ಕ ಹೇಳುವವರು ಬೇಕು. ಕರಾವಳಿಯಲ್ಲಿ ನಮ್ಮವರು ಸುಗ್ಗಿ ಕುಣಿತದ ತುರಾಯಿ ಕಟ್ಟೋದೂ ಇದೇ ಹೋಳಿ ಹೊತ್ತಿಗೆ. ಬೆಂಡಿನ ಹೂವು, ಹಕ್ಕಿ ಎಲ್ಲ ಕೈಯಲ್ಲೇ ಮಾಡ್ತಾರೆ. ಆ ಕೈಗಳನ್ನು ಕರೆಸಿ ಗೋಡೆ ಮುಂದೆ ಕೂರಿಸಿ, ಸಂಬಳ ಕೊಟ್ಟು. ಸನ್ಮಾನ, ಶಾಲು ಬೇಡ. ದಿನದ ಕೂಲಿ ಲೆಕ್ಕದಲ್ಲಿ ಕೊಡಿ, ಬರ್ತಾರೆ.

ದೇವಿಕೆರೆ ದಂಡೆ:
ಸರ್ಕಲ್ ಬಿಟ್ಟೆ. ಮುಂದಿನ ಬೇಡರ ವೇಷ 2027ರ ಹೋಳಿಗೆ. ಅಷ್ಟರೊಳಗೆ ಮೊದಲು ಆಗಬೇಕಾದ್ದು ಮೂರು ಕಡೆ ಮಾತು: ವೇಷದ ತಂಡಗಳ ಹಿರಿಯರು, ಬೇಡ ಸಮಾಜದವರು, ಕಾವಿ ಕೆಲಸ ಬಲ್ಲವರು. ತಂಡಗಳ ಜೊತೆ ನಾನು ಮಾತಾಡ್ತೇನೆ. ಹಲಗೆ ಪೆಟ್ಟು, ನೀವು ಜೊತೆಗೆ ಬರಬೇಕು, ವಿರೋಧ ಇಟ್ಟುಕೊಂಡೇ ಬನ್ನಿ.

ಹಲಗೆ ಪೆಟ್ಟು:
ಬರ್ತೇನೆ. ಮುಖದ ವಿಷಯ ಅಲ್ಲಿ ನಾನೇ ಎತ್ತುತ್ತೇನೆ.